ವ್ಯಾಪಾರ ಉದಾರೀಕರಣ ಮತ್ತು ನೇಕಾರರ ಮಜೂರಿ: ತೇರದಾಳ ಭಾಗದ ಸ್ಥಿತಿಗತಿ

ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ, ಬನಹಟ್ಟಿ ಹಾಗೂ ಮಹಾಲಿಂಗಪುರ ಭಾಗವು ಸೀರೆ ನೇಯ್ಗೆಗೆ ಹೆಸರಾಗಿರುತ್ತದೆ. ಇಲ್ಲಿ ಕೈಮಗ್ಗ ಹಾಗೂ ವಿದ್ಯುತ್ ಮಗ್ಗಗಳೆರಡೂ ಇದ್ದು, ಅನೇಕ ನೇಕಾರರು ಮಾಲೀಕರಿಂದ ನೂಲು ಪಡೆದು, ನೇಯ್ದ ಪ್ರತಿ ಸೀರೆಗೆ ಇಂತಿಷ್ಟೆಂದು ಮಜೂರಿ ಪಡೆಯುತ್ತಾರೆ. 1991ರ ಆರ್ಥಿಕ ಸುಧಾರಣೆಗಳ ನಂತರ ವಿದೇಶಿ ವ್ಯಾಪಾರವು ಮುಕ್ತಗೊಂಡಿದ್ದು ಈ ಮಜೂರಿಯ ಮೇಲೆ ಯಾವ ರೀತಿ ಪರಿಣಾಮ ಬೀರಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅರ್ಥಶಾಸ್ತ್ರದ ನಿರೀಕ್ಷೆ:
ಕಾರ್ಮಿಕರು ಹೇರಳವಾಗಿರುವ ದೇಶವು ವ್ಯಾಪಾರವನ್ನು ಮುಕ್ತಗೊಳಿಸಿದಾಗ ಶ್ರಮಪ್ರಧಾನ ವಸ್ತುಗಳ ರಫ್ತು ಹೆಚ್ಚಿ, ಉದ್ಯೋಗ ಮತ್ತು ಕೂಲಿ ಏರಬೇಕೆಂಬುದು ಪ್ರಚಲಿತ ಸಿದ್ಧಾಂತ. ಇದು ಪೂರ್ಣ ಸುಳ್ಳೇನಲ್ಲ. ಸಿದ್ಧ ಉಡುಪುಗಳ ಮೇಲಿನ ಅಂತರರಾಷ್ಟ್ರೀಯ ಕೋಟಾ ಪದ್ಧತಿಯು ದಿನಾಂಕ 01-01-2005ರಂದು ಕೊನೆಗೊಂಡಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ರಫ್ತನ್ನು ನಂಬಿಯೇ ಲಕ್ಷಾಂತರ ಜನರಿಗೆ, ಅದರಲ್ಲೂ ಮಹಿಳೆಯರಿಗೆ, ಕೆಲಸ ನೀಡಿರುತ್ತವೆ. ಆದರೆ ಮಗ್ಗದ ಕೌಶಲ್ಯವು ಹೊಲಿಗೆ ಯಂತ್ರದ ಮುಂದೆ ಉಪಯೋಗಕ್ಕೆ ಬಾರದು. ಮನೆ, ಮಗ್ಗ, ಸಾಲ ಎಲ್ಲವೂ ಊರಿನಲ್ಲಿಯೇ ಇರುವ ನೇಕಾರನು ಸುಲಭವಾಗಿ ಬೆಂಗಳೂರಿಗೆ ಹೋಗಲಾರನು.

ನೂಲಿನ ಬೆಲೆ:
ಉದಾರೀಕರಣವೆಂದರೆ ವಿದೇಶಿ ಬಟ್ಟೆಯ ಆಮದು ಎಂದೇ ಸಾಮಾನ್ಯ ತಿಳುವಳಿಕೆ. ಆಮದಿನ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧಗಳು ದಿನಾಂಕ 01-04-2001ರಿಂದ ತೆರವಾದುದು ನಿಜ. ಆದಾಗ್ಯೂ ಈ ಭಾಗದ ಸೀರೆಗೆ ಪೈಪೋಟಿ ನೀಡುವುದು ವಿದೇಶಿ ಸೀರೆಯಲ್ಲ, ಸೂರತ್‌ನ ಕೃತಕ ನೂಲಿನ ಸೀರೆ. ವಿದೇಶಿ ವ್ಯಾಪಾರವು ಮಗ್ಗವನ್ನು ತಲುಪುವುದು ನೂಲಿನ ಮೂಲಕ. ಹತ್ತಿ ನೂಲಿಗೆ ಹೊರದೇಶದ ಗಿರಾಕಿ ದೊರೆತಾಗ ಸ್ಥಳೀಯ ಬೆಲೆಯೂ ಏರುತ್ತದೆ, ಸೀರೆಯ ಬೆಲೆ ಮಾತ್ರ ಅಷ್ಟು ಏರುವುದಿಲ್ಲ.

ಲೆಕ್ಕಕ್ಕಾಗಿ, ಒಂದು ಸೀರೆ 400 ರೂಪಾಯಿಗೆ ಮಾರಾಟವಾಗಿ, ನೂಲು ಮತ್ತು ಬಣ್ಣಕ್ಕೆ 240 ರೂಪಾಯಿ ತಗಲುತ್ತದೆಂದು ಭಾವಿಸೋಣ. ಮಜೂರಿ, ಇತರೆ ಖರ್ಚು ಹಾಗೂ ಲಾಭಕ್ಕೆ ಉಳಿಯುವುದು 160 ರೂಪಾಯಿ. ಈ ಖರ್ಚು ಶೇ. 20ರಷ್ಟು ಏರಿದರೆ ಉಳಿಯುವುದು 112 ರೂಪಾಯಿ ಮಾತ್ರ. ಆಗ ಮಾಲೀಕನು ಮಜೂರಿ ದರವನ್ನು ಇಳಿಸುವುದಕ್ಕಿಂತ ಹಾಸು ಕೊಡುವುದನ್ನೇ ಕಡಿಮೆ ಮಾಡಬಹುದು. ದರವು ಕಾಗದದ ಮೇಲೆ ಹಾಗೆಯೇ ಇದ್ದು, ವಾರದ ಗಳಿಕೆ ಕುಗ್ಗುತ್ತದೆ. ಕಂಡಿಕೆ ಸುತ್ತುವ ಮಹಿಳೆಯರು ಹಾಗೂ ಬಣ್ಣ ಹಾಕುವವರ ಕೆಲಸವೂ ಅದರೊಂದಿಗೇ ನಿಲ್ಲುತ್ತದೆ. ಕೂಲಿ ದರದ ಅಂಕಿಅಂಶಗಳಲ್ಲಿ ಈ ನಷ್ಟವು ಕಾಣಿಸದು.

2010-11ರಲ್ಲಿ ಹತ್ತಿಯ ಬೆಲೆ ವಿಶ್ವದಾದ್ಯಂತ ಏರಿದಾಗ ಕೇಂದ್ರ ಸರ್ಕಾರವು ಆ ಸಾಲಿನ ಹತ್ತಿ ನೂಲಿನ ರಫ್ತನ್ನು 72 ಕೋಟಿ ಕಿಲೋಗ್ರಾಂಗೆ ಮಿತಿಗೊಳಿಸಿತ್ತು. ನೂಲಿನ ಗಿರಣಿಗಳು ಇದನ್ನು ವಿರೋಧಿಸಿದವು. ಗಿರಣಿಗಳಲ್ಲಿಯೂ ಕಾರ್ಮಿಕರಿದ್ದಾರೆಂಬುದನ್ನು ಮರೆಯುವಂತಿಲ್ಲ. ಕೈಮಗ್ಗಕ್ಕೆ ಬೇಕಾದ ಲಡಿ ನೂಲಿನ ರಕ್ಷಣೆಯೂ ಸಡಿಲಗೊಂಡಿರುತ್ತದೆ. ಗಿರಣಿಗಳು ಸ್ವದೇಶಿ ಬಳಕೆಯ ನೂಲಿನಲ್ಲಿ ಶೇ. 50ರಷ್ಟನ್ನು ಲಡಿ ರೂಪದಲ್ಲಿ ನೀಡಬೇಕೆಂಬ ನಿಯಮವನ್ನು 2003ರಲ್ಲಿ ಶೇ. 40ಕ್ಕೆ, 2019ರಲ್ಲಿ ಶೇ. 30ಕ್ಕೆ ಇಳಿಸಲಾಯಿತು.

ಉದ್ಯೋಗ:
ರಾಷ್ಟ್ರೀಯ ಕೈಮಗ್ಗ ಗಣತಿಗಳ ಪ್ರಕಾರ ದೇಶದ ಕೈಮಗ್ಗ ಕೆಲಸಗಾರರ ಸಂಖ್ಯೆಯು 2009-10ರಲ್ಲಿ 43.31 ಲಕ್ಷವಿದ್ದು, 2019-20ರಲ್ಲಿ 35.22 ಲಕ್ಷಕ್ಕೆ ಇಳಿದಿರುತ್ತದೆ. ಇದಕ್ಕೆ ಉದಾರೀಕರಣವೊಂದೇ ಕಾರಣವೆನ್ನುವುದು ಸರಿಯಲ್ಲ. ವಿದ್ಯುತ್ ಮಗ್ಗದ ಪೈಪೋಟಿಯು 1991ಕ್ಕಿಂತ ಹಳೆಯದು.

ನೇಕಾರರ ಗಮನಕ್ಕೆ:
1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ವ್ಯಾಪ್ತಿಯಲ್ಲಿ ನೇಯುವವರಿಗೆ ನಿಗಮವೇ ನೂಲು ಒದಗಿಸಿ ಮಜೂರಿ ಪಾವತಿಸುವುದರಿಂದ ನೂಲಿನ ಬೆಲೆಯ ಏರಿಳಿತವು ಅವರಿಗೆ ನೇರವಾಗಿ ತಟ್ಟುವುದಿಲ್ಲ. ಖಾಸಗಿ ಮಾಲೀಕರಲ್ಲಿ ನೇಯುವವರು ಹಾಸು ಪಡೆದ ದಿನಾಂಕ, ನೇಯ್ದ ಸೀರೆಗಳ ಸಂಖ್ಯೆ ಹಾಗೂ ಪಡೆದ ಮಜೂರಿಯನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಮಜೂರಿ ಪರಿಷ್ಕರಣೆಯ ಮಾತುಕತೆಗಳಲ್ಲಿ ದರವನ್ನಷ್ಟೇ ಅಲ್ಲದೆ, ಕೆಲಸವಿಲ್ಲದೆ ಕಳೆದ ದಿನಗಳ ಲೆಕ್ಕವನ್ನೂ ಇದರಿಂದ ಮುಂದಿಡಬಹುದಾಗಿದೆ.