ಸಮಸ್ಯಾಧಾರಿತ ಕಲಿಕೆ: ಪ್ರೌಢಶಾಲೆಯ ಓದಿನ ಬೋಧನೆಯಲ್ಲಿ

ಪಾಠ ಮೊದಲು, ಪ್ರಶ್ನೆ ಆಮೇಲೆ ಎಂಬ ರೂಢಿಯನ್ನು ತಿರುವುಮುರುವು ಮಾಡಿ, ಬಿಡಿಸಬೇಕಾದ ಸಮಸ್ಯೆಯನ್ನೇ ಮೊದಲು ಮುಂದಿಡುವ ಬೋಧನಾಕ್ರಮ. ಇದು 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ವ್ಯವಸ್ಥಿತ ರೂಪ ಪಡೆಯಿತು. ಅಲ್ಲಿ ರೋಗಿಯ ವಿವರ ಕೊಟ್ಟು, ಏನು ಓದಬೇಕೆಂಬುದನ್ನು ವಿದ್ಯಾರ್ಥಿಗಳಿಗೇ ಬಿಡುತ್ತಿದ್ದರು. ಹೇಗೆ ಓದಬೇಕೆಂಬುದು ಅವರಿಗೆ ಗೊತ್ತಿದ್ದೇ ಇರುತ್ತದೆ ಎಂಬುದು ಯಾರೂ ಬಾಯಿಬಿಟ್ಟು ಹೇಳದ ನಂಬಿಕೆ. ಪ್ರೌಢಶಾಲೆಯಲ್ಲಿ ಕೈಕೊಡುವುದು ಈ ನಂಬಿಕೆಯೇ. ಸಮಸ್ಯೆ ಓದುವುದಕ್ಕೆ ಕಾರಣ ಒದಗಿಸುತ್ತದೆ. ಓದುವ ಬಗೆಯನ್ನು ಬೇರೆಯಾಗಿಯೇ ಕಲಿಸಬೇಕು. ಆನ್‌ಮರಿ ಪಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಅಮೆರಿಕದ ಏಳನೆಯ ತರಗತಿಯ ಮಕ್ಕಳಲ್ಲಿ ಕಂಡದ್ದೂ ಇದನ್ನೇ. ಸರಾಗವಾಗಿ ಓದಿಯೂ ಅರ್ಥ ದಕ್ಕದ ಆ ಮಕ್ಕಳಿಗೆ ಪ್ರಶ್ನೆ ಹಾಕುವುದು, ಸಾರ ಹೇಳುವುದು, ತೊಡಕು ಬಿಡಿಸುವುದು, ಮುಂದಿನದನ್ನು ಊಹಿಸುವುದು ಇವನ್ನು ಶಿಕ್ಷಕರು ಮೊದಲು ಮಾಡಿ ತೋರಿಸಿದರು. ಬಳಿಕ ಮಕ್ಕಳೇ ಸರದಿಯ ಮೇಲೆ ಶಿಕ್ಷಕರ ಜಾಗ ವಹಿಸಿಕೊಂಡರು. ಅವರ ಗ್ರಹಿಕೆ ಗಣನೀಯವಾಗಿ ಸುಧಾರಿಸಿತು.

ಎರಡೂ ಎಳೆಗಳು ಕೂಡಿದ್ದು ಇತಿಹಾಸದ ತರಗತಿಯಲ್ಲಿ. ಸ್ಯಾಮ್ ವೈನ್‌ಬರ್ಗ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಟ್ಟಿದ ತಂಡ ರೂಪಿಸಿದ ಪಠ್ಯಕ್ರಮಕ್ಕೆ ಸಮಸ್ಯಾಧಾರಿತ ಎಂಬ ಹಣೆಪಟ್ಟಿ ಇಲ್ಲ, ತಿರುಳು ಮಾತ್ರ ಅದೇ. ಅದರ ಒಂದು ಪಾಠದ ಪ್ರಶ್ನೆ: ಅಮೆರಿಕದ ಮೂಲನಿವಾಸಿ ಹುಡುಗಿ ಪೊಕಾಹೊಂಟಸ್ ನಿಜಕ್ಕೂ ಇಂಗ್ಲಿಷ್ ವಲಸೆಗಾರ ಜಾನ್ ಸ್ಮಿತ್‌ನ ಜೀವ ಉಳಿಸಿದಳೇ? ಸ್ಮಿತ್‌ನ 1608ರ ಬರಹದಲ್ಲಿ ಆ ಪ್ರಸಂಗವೇ ಇಲ್ಲ. 1624ರ ಪುಸ್ತಕದಲ್ಲಿ ಅವಳು ತನ್ನ ತಲೆಯೊಡ್ಡಿ ಕಾಪಾಡುತ್ತಾಳೆ. ಬರೆದವನು ಒಬ್ಬನೇ. ಹಾಗಾಗಿ ಯಾವಾಗ ಬರೆದ, ಯಾರಿಗಾಗಿ ಬರೆದ ಎಂದು ಕೇಳದೆ ಮುಂದೆ ಹೋಗುವಂತಿಲ್ಲ. ಈ ಕ್ರಮವನ್ನು ಆವಿಶಾಗ್ ರೈಸ್‌ಮನ್ ಸ್ಯಾನ್ ಫ್ರಾನ್ಸಿಸ್ಕೊದ ಐದು ಶಾಲೆಗಳ 236 ಹನ್ನೊಂದನೆಯ ತರಗತಿ ವಿದ್ಯಾರ್ಥಿಗಳೊಂದಿಗೆ ಆರು ತಿಂಗಳು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು: ಇತಿಹಾಸದ ತಿಳಿವಳಿಕೆಯ ಜೊತೆಗೆ ಸಾಮಾನ್ಯ ಓದಿನ ಗ್ರಹಿಕೆಯೂ ಹೆಚ್ಚಿತ್ತು.

ಆಕ್ಷೇಪಗಳು ಹಗುರವಾದುವಲ್ಲ. ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ, ಮಾರ್ಗದರ್ಶನ ಕಡಿಮೆಯಿರುವ ಇಂಥ ಕ್ರಮಗಳು ಹೊಸ ಕಲಿಕೆಗಾರರ ನೆನಪಿನ ಶಕ್ತಿಯ ಮೇಲೆ ಮಿತಿಮೀರಿದ ಹೊರೆ ಹೇರುತ್ತವೆ ಎಂದರು. ಮರುವರ್ಷ ಮೆಲೊ-ಸಿಲ್ವರ್ ಮತ್ತು ಸಂಗಡಿಗರು, ಈ ಕ್ರಮ ಸರಿಯಾಗಿ ನಡೆದರೆ ಮಾರ್ಗದರ್ಶನ ಹೇರಳವಾಗಿಯೇ ಇರುತ್ತದೆ ಎಂದು ಉತ್ತರಿಸಿದರು. ಮೇಲೆ ಹೇಳಿದ ತರಗತಿಗಳು ಈ ಉತ್ತರದ ಪಕ್ಷದಲ್ಲಿವೆ. ಆದರೆ ಸಮಸ್ಯೆಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುವ ತರಗತಿಗೆ ಮೊದಲಿನವರ ಟೀಕೆ ಸರಿಯಾಗಿಯೇ ತಗಲುತ್ತದೆ. ಇನ್ನೊಂದು ತೊಡಕು ಪೂರ್ವಜ್ಞಾನದ್ದು: ರೆಕ್ಟ್ ಮತ್ತು ಲೆಸ್ಲಿಯವರ 1988ರ ಅಧ್ಯಯನದಲ್ಲಿ ಬೇಸ್‌ಬಾಲ್ ಬಲ್ಲ ದುರ್ಬಲ ಓದುಗರು ಆ ಆಟ ಅರಿಯದ ಉತ್ತಮ ಓದುಗರಿಗಿಂತ ಆಟದ ವರದಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಆದ್ದರಿಂದಲೇ ರೈಸ್‌ಮನ್ ಪಾಠಗಳಲ್ಲಿ ದಾಖಲೆಗೆ ಮುನ್ನ ಹಿನ್ನೆಲೆ ಹೇಳಿಕೊಡಲಾಗುತ್ತಿತ್ತು. ದಾಖಲೆಗಳ ಭಾಷೆಯನ್ನೂ ಸರಳಗೊಳಿಸಲಾಗಿತ್ತು. ಮೂಲವನ್ನು ತಿದ್ದುವುದು ಅಪಚಾರವೆಂಬ ಅಳುಕಿಗೆ ವೈನ್‌ಬರ್ಗ್ ಮತ್ತು ಮಾರ್ಟಿನ್ 2009ರಲ್ಲೇ ಉತ್ತರ ಕೊಟ್ಟಿದ್ದರು: ತಿದ್ದದಿದ್ದರೆ ಹಿಂದುಳಿದ ಓದುಗರು ಆ ದಾಖಲೆಗಳನ್ನು ಮುಟ್ಟುವುದೇ ಇಲ್ಲ.