ಸುಜುಕಿ ಎಫ್8ಬಿ ಎಂಜಿನ್

ಸುಜುಕಿ ಎಫ್8ಬಿ ಎಂಬುದು ಜಪಾನಿನ ಸುಜುಕಿ ಸಂಸ್ಥೆಯು ರೂಪಿಸಿದ, ಮೂರು ಸಿಲಿಂಡರ್‌ಗಳ ಪೆಟ್ರೋಲ್ ಎಂಜಿನ್. ಭಾರತದಲ್ಲಿ ಇದು ಮಾರುತಿ 800 ಕಾರು ಹಾಗೂ ಮಾರುತಿ ಓಮ್ನಿ ವ್ಯಾನುಗಳ ಮೂಲಕ ಪರಿಚಿತವಾಯಿತು. ಕಾರಿನಲ್ಲಿ ಎಂಜಿನ್ನನ್ನು ಮುಂಭಾಗದಲ್ಲಿ ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನು ಚಾಲಿಸಲಾಗುತ್ತದೆ. ಓಮ್ನಿಯಲ್ಲಿ ಅದು ಮುಂದಿನ ಆಸನಗಳ ಕೆಳಗಿದ್ದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ.

ತಾಂತ್ರಿಕ ವಿವರಗಳು

- ಸಾಮರ್ಥ್ಯ: 796 ಘನ ಸೆಂ.ಮೀ.
- ಸಿಲಿಂಡರ್ ವ್ಯಾಸ: 68.5 ಮಿ.ಮೀ.
- ಪಿಸ್ಟನ್ ಚಲನೆಯ ಉದ್ದ: 72 ಮಿ.ಮೀ.
- ಕವಾಟಗಳು: ಪ್ರತಿ ಸಿಲಿಂಡರ್‌ಗೆ 2, ಒಟ್ಟು 6
- ಶಕ್ತಿ: ಮಾರುತಿ 800ರಲ್ಲಿ ಸುಮಾರು 37 ಅಶ್ವಶಕ್ತಿ

ಕವಾಟಗಳನ್ನು ತೆರೆಯುವ ಒಂದೇ ಕ್ಯಾಮ್‌ಷಾಫ್ಟ್ ಸಿಲಿಂಡರ್ ಹೆಡ್‌ನಲ್ಲಿದ್ದು, ಹಲ್ಲುಳ್ಳ ರಬ್ಬರ್ ಬೆಲ್ಟ್‌ನಿಂದ ತಿರುಗುತ್ತದೆ. ಮೊದಲು ಕಾರ್ಬ್ಯುರೇಟರ್ ಮೂಲಕ ಇಂಧನ ಪಡೆಯುತ್ತಿದ್ದ ಎಂಜಿನ್‌ಗೆ ಮುಂದೆ ಎಂಪಿಎಫ್‌ಐ ವ್ಯವಸ್ಥೆಯನ್ನು ಅಳವಡಿಸಲಾಯಿತು. ಇದೇ ಸಾಮರ್ಥ್ಯದ, 12 ಕವಾಟಗಳ ಎಫ್8ಡಿ ಎಂಜಿನ್ ಮಾರುತಿ ಆಲ್ಟೊದಲ್ಲಿ ಬಳಕೆಯಾಯಿತು.

ಸಾಮಾನ್ಯ ದೋಷಗಳು

ಅತಿಯಾಗಿ ಬಿಸಿಯಾಗುವುದು: ಈ ಎಂಜಿನ್ನಿನ ದೋಷಗಳಲ್ಲಿ ಹೆಚ್ಚು ಹಾನಿ ತರುವಂಥದ್ದು ಇದು. ರೇಡಿಯೇಟರ್ ಕಟ್ಟಿಕೊಳ್ಳುವುದು, ನೀರಿನ ಪೈಪು ಸೋರುವುದು, ಥರ್ಮೋಸ್ಟಾಟ್ ತೆರೆಯದಿರುವುದು, ವಿದ್ಯುತ್ ಫ್ಯಾನು ತಿರುಗದಿರುವುದು ಇದರ ಕಾರಣಗಳು. ಫ್ಯಾನು ಕೆಟ್ಟಿದ್ದರೆ ಹೆದ್ದಾರಿಯಲ್ಲಿ ಎದುರುಗಾಳಿಯಿಂದ ಎಂಜಿನ್ ತಣ್ಣಗಿದ್ದು, ನಗರದ ವಾಹನದಟ್ಟಣೆಯಲ್ಲಿ ಮಾತ್ರ ಬಿಸಿಯಾಗುವುದುಂಟು. ಆ ಸ್ಥಿತಿಯಲ್ಲೇ ಓಡಿಸಿದರೆ ಸಿಲಿಂಡರ್ ಹೆಡ್ ಬಾಗಿ, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ತಂಪುಕಾರಕವು ಕಾರಣವಿಲ್ಲದೆ ಕಡಿಮೆಯಾಗುವುದು, ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಾಣುವುದು, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುವುದು ಇದರ ಲಕ್ಷಣಗಳು. ಮುಳ್ಳು ಕೆಂಪು ಗುರುತಿನತ್ತ ಏರಿದೊಡನೆ ವಾಹನ ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಚಿಮ್ಮುತ್ತದೆ.

ಕಂಪನ ಮತ್ತು ಶಕ್ತಿಯ ಕುಸಿತ: ಮೂರು ಸಿಲಿಂಡರ್‌ಗಳ ವಿನ್ಯಾಸದಲ್ಲಿ ಎಂಜಿನ್ ನಿಧಾನವಾಗಿ ಓಡುವಾಗ ಅಲ್ಪ ಕಂಪನ ಸಹಜ. ಅದು ಹಠಾತ್ತನೆ ಹೆಚ್ಚಿದರೆ ರಬ್ಬರ್ ಮೌಂಟಿಂಗ್‌ಗಳು ಸವೆದಿರಬಹುದು, ಇಲ್ಲವೇ ಒಂದು ಸಿಲಿಂಡರ್‌ನಲ್ಲಿ ದಹನ ನಡೆಯದಿರಬಹುದು. ಇರುವುದೇ ಮೂರಾದ್ದರಿಂದ ಒಂದು ನಿಂತರೂ ಸುಮಾರು ಮೂರನೆಯ ಒಂದು ಭಾಗದ ಶಕ್ತಿ ಕುಸಿಯುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ ಹಾಗೂ ಅದರ ತಂತಿಗಳನ್ನು ಪರೀಕ್ಷಿಸುವುದು ವಾಡಿಕೆ.

ಕಾರ್ಬ್ಯುರೇಟರ್ ದೋಷಗಳು: ಜೆಟ್‌ಗಳಲ್ಲಿ ಕಸ ಸೇರಿದರೆ ವಾಹನ ನಿಂತಾಗ ಎಂಜಿನ್ ಆರಿಹೋಗುತ್ತದೆ. ಚೋಕ್ ಮುಚ್ಚಿದಂತೆಯೇ ಉಳಿದರೆ ಇಂಧನ ವ್ಯಯ ಹೆಚ್ಚಿ ಕಪ್ಪು ಹೊಗೆ ಬರುತ್ತದೆ.

ಆಯಿಲ್ ನಷ್ಟ: ಕವಾಟದ ಮುಚ್ಚಳದ ಗ್ಯಾಸ್ಕೆಟ್ ಗಟ್ಟಿಯಾದಾಗ ಹೊರಗೆ ಆಯಿಲ್ ಜಿನುಗುತ್ತದೆ. ನೀಲಿ ಹೊಗೆಯು ಪಿಸ್ಟನ್ ರಿಂಗ್ ಅಥವಾ ಕವಾಟದ ಸೀಲ್ ಸವೆದುದರ ಸೂಚನೆ.

ಬಳಕೆಯ ಅಂತ್ಯ

ಮಾರುತಿ 800 ಕಾರನ್ನು ಭಾರತ್ ಸ್ಟೇಜ್ 4 ಮಾನಕಕ್ಕೆ ಉನ್ನತೀಕರಿಸಲಿಲ್ಲ. ಹೀಗಾಗಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಅದರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ಕಾರಿನ ಉತ್ಪಾದನೆಯೂ ಕೊನೆಗೊಂಡಿತು.