ಕಿನ್ಸೆಯನ್ಯೇರಾ: ಹುಡುಗಿಯ ಹೆಸರು ಹಬ್ಬಕ್ಕೆ ಹೋದದ್ದು

ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಈ ಪದ ಬರುವುದು ಬಹುಪಾಲು ಮಕ್ಕಳ ಶಾಲೆಯ ಕಡೆಯಿಂದ. ಮೆಕ್ಸಿಕನ್ ಮೂಲದ ಗೆಳತಿಯೊಬ್ಬಳ ಆಮಂತ್ರಣ ಪತ್ರಿಕೆಯ ಮೇಲೆ ರೋಮನ್ ಅಂಕಿಯ ಹದಿನೈದು ಹೊಳೆಯುತ್ತಿರುತ್ತದೆ. ಕೆಳಗೆ ಎರಡು ವಿಳಾಸ: ಒಂದು ಚರ್ಚಿನದು, ಇನ್ನೊಂದು ಊಟ, ಕುಣಿತದ ಹಾಲ್‌ನದು. ‘ಶನಿವಾರ ಕಿನ್ಸೆಯನ್ಯೇರಾಗೆ ಹೋಗಬೇಕು’ ಎನ್ನುತ್ತಾಳೆ ಮಗಳು. ಅಮೆರಿಕದ ಇಂಗ್ಲಿಷಿನಲ್ಲಿ ಅದು ಸರಿಯಾದ ಮಾತೇ. ಸ್ಪ್ಯಾನಿಷನ್ನೇ ಆಡಿ ಬೆಳೆದ ಅಜ್ಜಿಯ ಕಿವಿಗೆ ಮಾತ್ರ ಅದು ‘ಮದುಮಗಳಿಗೆ ಹೋಗಬೇಕು’ ಎಂದಷ್ಟು ವಿಚಿತ್ರವಾಗಿ ಕೇಳಿಸೀತು. ಅವಳ ಮಾತಿನಲ್ಲಿ ಕಿನ್ಸೆಯನ್ಯೇರಾ ಎಂದರೆ ಹದಿನೈದು ತುಂಬಿದ ಹುಡುಗಿ. ಹಬ್ಬಕ್ಕೆ ಬೇರೆ ಹೆಸರುಗಳಿವೆ. ಹುಡುಗಿಯ ಮೇಲಿದ್ದ ಹೆಸರು ಹಬ್ಬದ ಮೇಲೆ ಹೋಗಿ ಕೂತಿದೆ. ಆ ಎರಡು ಅರ್ಥಗಳ ಜಗ್ಗಾಟ ಇವತ್ತಿಗೂ ಚೆನ್ನಾಗಿ ಕಾಣಸಿಗುವ ಜಾಗ ಚರ್ಚಿನ ಕಚೇರಿ.

ಪದವನ್ನು ಬಿಡಿಸಿದರೆ ಮೂರು ತುಂಡು. ‘ಕಿನ್ಸೆ’ ಹದಿನೈದು, ‘ಆನ್ಯೊ’ ವರ್ಷ, ಕೊನೆಯ ‘ಏರಾ’ ಸ್ತ್ರೀಲಿಂಗದ ಪ್ರತ್ಯಯ. ಕಿನ್ಸೆಯ ಹಿಂದೆ ಲ್ಯಾಟಿನ್ನಿನ ‘ಕ್ವಿಂದೆಕಿಮ್’ ಇದೆ: ಕ್ವಿಂಕ್ವೆ ಐದು, ದೆಕೆಮ್ ಹತ್ತು. ಸಂಸ್ಕೃತದ ಪಂಚ, ದಶ ಇವುಗಳ ದಾಯಾದಿಗಳೇ. ವಿದ್ಯಾರಣ್ಯರ ಹದಿನೈದು ಪ್ರಕರಣಗಳ ಗ್ರಂಥಕ್ಕೆ ‘ಪಂಚದಶಿ’ ಎಂದು ಹೆಸರಾದದ್ದು ಇದೇ ಬಗೆಯ ಜೋಡಣೆಯಿಂದ. ಪಂಚದಶ ಸವೆದು ಹಿಂದಿಯಲ್ಲಿ ‘ಪಂದ್ರಹ್’ ಆದ ಹಾಗೆ ಕ್ವಿಂದೆಕಿಮ್ ಸವೆದು ಕಿನ್ಸೆ ಆಯಿತು. ಲ್ಯಾಟಿನ್, ಸಂಸ್ಕೃತ ಎರಡೂ ಐದನ್ನು ಮೊದಲು ಹೇಳುತ್ತವೆ. ನಮ್ಮ ‘ಹದಿನೈದು’ ಹತ್ತನ್ನು ಮೊದಲು ಹೇಳುತ್ತದೆ. ತಮಾಷೆಯೆಂದರೆ ಬಾಯಲ್ಲಿ ಐದು-ಹತ್ತು ಎನ್ನುತ್ತಿದ್ದ ರೋಮನ್ನರು ಬರೆಯುವಾಗ ಕನ್ನಡದವರಂತೆ ಹತ್ತರ ಗುರುತನ್ನೇ ಮೊದಲಿಟ್ಟು ಐದನ್ನು ಪಕ್ಕಕ್ಕಿಟ್ಟರು. ಕೇಕಿನ ಮೇಲೆ, ಕಿರೀಟದ ಮೇಲೆ, ಆಮಂತ್ರಣದ ಮೇಲೆ ಇವತ್ತೂ ಮೆರೆಯುವುದು ಆ ಬರಹವೇ.

‘ಆನ್ಯೊ’ ಲ್ಯಾಟಿನ್ನಿನ ‘ಆನ್ನುಸ್’ನಿಂದ ಬಂದದ್ದು. ಈ ಪದ ಸಮಾಸದೊಳಗೆ ಸೇರಿದಾಗ ಲ್ಯಾಟಿನ್ ಅದರ ಅಕಾರವನ್ನು ಎಕಾರ ಮಾಡುತ್ತಿತ್ತು. ಐದು ವರ್ಷದ ಅವಧಿ ‘ಕ್ವಿಂಕ್ವೆನ್ನಿಯುಮ್’. ಕಿನ್ಸೆಯನ್ಯೇರಾದಲ್ಲಿ ಅಕಾರ ಅಲುಗಾಡದೆ ಉಳಿದಿದೆ. ಹಾಗಾಗಿ ಇದು ರೋಮಿನಿಂದ ಇಳಿದುಬಂದ ಸಮಾಸವಲ್ಲ, ಸ್ಪ್ಯಾನಿಷ್ ತಾನೇ ಕಟ್ಟಿಕೊಂಡದ್ದು. ತುಂಡುಗಳು ಹಳೆಯವು, ಕಟ್ಟಡ ಈಚಿನದು. ಆನ್ನುಸ್‌ನ ಎರಡು ನಕಾರಗಳ ಬದಲು ಒಂದನ್ನೇ ಬರೆದು ನೆತ್ತಿಯ ಮೇಲೆ ಗುರುತು ಹಾಕಿ ಚರ್ಮದ ಹಾಳೆಯನ್ನು ಉಳಿಸುತ್ತಿದ್ದರು ಮಧ್ಯಯುಗದ ಲಿಪಿಕಾರರು. ಆ ಗುರುತೇ ಇಂದಿನ ಸ್ಪ್ಯಾನಿಷ್ ಅಕ್ಷರದ ತಲೆಯ ಮೇಲಿನ ಅಲೆಗೆರೆ. ಗೆರೆ ಬಿಟ್ಟುಹೋದರೆ ‘ಆನ್ಯೊ’ ‘ಆನೊ’ ಆಗಿ, ವರ್ಷದ ಜಾಗದಲ್ಲಿ ಗುದದ್ವಾರ ಬಂದು ಕೂರುತ್ತದೆ. ಆಮಂತ್ರಣ ಅಚ್ಚಿಗೆ ಕೊಡುವ ಮುನ್ನ ಎರಡು ಸಲ ನೋಡುವುದು ಕ್ಷೇಮ. ಆ ಧ್ವನಿಗೆ ನಮ್ಮ ವರ್ಣಮಾಲೆಯಲ್ಲಿ ‘ಞ’ ಎಂಬ ಅಕ್ಷರವೇ ಇದೆ. ಮಗ್ಗಿಯಂತೆ ಬಾಯಿಪಾಠ ಮಾಡಿ ಮರೆತುಬಿಡುವ ಅಕ್ಷರವಾದ್ದರಿಂದ ಇಲ್ಲಿ ‘ನ್ಯ’ ಬಳಸಿದ್ದೇನೆ. ಸ್ಪ್ಯಾನಿಷಿನವರು ‘ಕಿನ್ಸೆ-ಅನ್ಯೇರಾ’ ಎಂದು ಎರಡು ಸ್ವರಗಳನ್ನು ಹಾಗೇ ಬಿಡುತ್ತಾರೆ. ಕನ್ನಡದ ಬಾಯಿ ಅಲ್ಲೊಂದು ಯಕಾರ ತರದೆ ಬಿಡುವುದಿಲ್ಲ. ಆಗಮಸಂಧಿಗೆ ವೀಸಾ ಬೇಕಿಲ್ಲ.

ವಯಸ್ಸು ಹೇಳುವ ಇಂಥ ಪದಗಳು ಸ್ಪ್ಯಾನಿಷಿನಲ್ಲಿ ಒಂದು ಸಾಲೇ ಇವೆ. ಇಪ್ಪತ್ತರ ಪ್ರಾಯದವನು ‘ವೇಯ್ನ್ತೆಯನ್ಯೇರೊ’, ಮೂವತ್ತರ ಪ್ರಾಯದವಳು ‘ತ್ರೇಯ್ನ್ತಾನ್ಯೇರಾ’, ಹುಟ್ಟುಹಬ್ಬದವನು ‘ಕುಂಪ್ಲೆಯನ್ಯೇರೊ’. ಎಲ್ಲವೂ ಮನುಷ್ಯರನ್ನೇ ಕರೆಯುತ್ತವೆ. ಹಬ್ಬಕ್ಕೆ ‘ಫಿಯೆಸ್ತಾ ದೆ ಕಿನ್ಸೆ ಆನ್ಯೋಸ್’ ಎನ್ನಬೇಕು, ಇಲ್ಲವೇ ಚಿಕ್ಕದಾಗಿ ‘ಲೋಸ್ ಕಿನ್ಸೆ’. ಪೋರ್ಟೊರಿಕೊದಲ್ಲಿ ಲಿಂಗ ಬದಲಿಸಿ ‘ಕಿನ್ಸೆಯನ್ಯೇರೊ’ ಎಂದು ಹಬ್ಬವನ್ನೇ ಕರೆಯುವ ರೂಢಿಯೂ ಇದೆ. ಪೋರ್ಚುಗೀಸ್ ಆಡುವ ಬ್ರೆಜಿಲ್ ಈ ಗೊಡವೆಗೆ ಹೋಗದೆ ಫ್ರೆಂಚಿನಿಂದ ‘ದೆಬುತಾಂತೆ’ಯನ್ನು ಎತ್ತಿಕೊಂಡಿತು. ಅಮೆರಿಕದ ಇಂಗ್ಲಿಷ್ ಮಾತ್ರ ಹುಡುಗಿಯ ಹೆಸರನ್ನೇ ಹಬ್ಬಕ್ಕೆ ಇಟ್ಟಿತು. ಎರಡು ಶೀರ್ಷಿಕೆಗಳನ್ನು ಪಕ್ಕದಲ್ಲಿಟ್ಟರೆ ಸ್ಥಳಾಂತರ ಕಣ್ಣಿಗೆ ಕಾಣುತ್ತದೆ. ಮೆಕ್ಸಿಕೋದಲ್ಲಿ 1987ರಲ್ಲಿ ಪ್ರಸಾರವಾದ, ಅಡೆಲಾ ನೊರಿಯೆಗಾ ಮತ್ತು ಥಾಲಿಯಾ ನಟಿಸಿದ ‘ಕಿನ್ಸೆಯನ್ಯೇರಾ’ ಧಾರಾವಾಹಿಯ ಹೆಸರು ಹದಿನೈದರ ಹುಡುಗಿಯನ್ನು ಹೇಳುತ್ತದೆ. ಲಾಸ್ ಏಂಜಲೀಸಿನ ಎಕೊ ಪಾರ್ಕಿನಲ್ಲಿ ನಡೆಯುವ, 2006ರಲ್ಲಿ ಸನ್‌ಡ್ಯಾನ್ಸ್ ಉತ್ಸವದ ದೊಡ್ಡ ಪ್ರಶಸ್ತಿ ಗೆದ್ದ ಅದೇ ಹೆಸರಿನ ಸಿನಿಮಾದಲ್ಲಿ ಹುಡುಗಿ ಕಾಯುತ್ತಿರುವುದು ತನ್ನ ‘ಕಿನ್ಸೆಯನ್ಯೇರಾ’ಕ್ಕಾಗಿ.

ಈಗ ಚರ್ಚಿನ ಕಚೇರಿಗೆ ಬರೋಣ. ಕುಟುಂಬ ಬರುವುದು ಎರಡನೆಯ ಅರ್ಥದ ಕಿನ್ಸೆಯನ್ಯೇರಾಕ್ಕೆ ದಿನ ಗೊತ್ತುಮಾಡಲು. ಕಚೇರಿ ಕೇಳುವ ಪ್ರಶ್ನೆಗಳೆಲ್ಲ ಮೊದಲನೆಯ ಅರ್ಥದವು. ಹುಡುಗಿಗೆ ಜ್ಞಾನಸ್ನಾನ ಎಲ್ಲಿ ಆಯಿತು, ಪತ್ರ ಇದೆಯೇ? ಮೊದಲ ಪರಮಪ್ರಸಾದ ಆಗಿದೆಯೇ? ದೃಢೀಕರಣ ಆಗಿದೆಯೇ, ಇಲ್ಲವಾದರೆ ಅದರ ತರಗತಿಗೆ ಹೋಗುತ್ತಿದ್ದಾಳೆಯೇ? ಕುಟುಂಬ ಇದೇ ಧರ್ಮಕೇಂದ್ರಕ್ಕೆ ಸೇರಿದ್ದೇ? ಹಲವು ಧರ್ಮಕೇಂದ್ರಗಳು ಆರು ತಿಂಗಳಿಂದ ವರ್ಷದಷ್ಟು ಮೊದಲೇ ಬರಬೇಕೆನ್ನುತ್ತವೆ. ಕೆಲವು ಹುಡುಗಿಗೂ ಹೆತ್ತವರಿಗೂ ಪಾಠ, ಧ್ಯಾನಕೂಟ ಇಡುತ್ತವೆ. ಕೆಲವು ತಪಸ್ಸುಕಾಲದಲ್ಲಿ ದಿನ ಕೊಡುವುದಿಲ್ಲ. ಇನ್ನು ಕೆಲವು ನಾಲ್ಕಾರು ಹುಡುಗಿಯರನ್ನು ಕೂಡಿಸಿ ಒಂದೇ ಪೂಜೆ ಮುಗಿಸುತ್ತವೆ. ಅನುಭವಸ್ಥರು ಹೇಳುವ ಮೊದಲ ಬುದ್ಧಿಮಾತು: ಚರ್ಚಿನ ದಿನ ಕೈಗೆ ಬರುವ ಮುನ್ನ ಹಾಲ್‌ಗೆ ಮುಂಗಡ ಕೊಡಬೇಡಿ.

ಇಷ್ಟು ಬಗೆಬಗೆಯ ನಿಯಮಗಳಿಗೆ ಕಾರಣವಿದೆ. ಇದು ಕ್ಯಾಥೋಲಿಕ್ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಒಂದಲ್ಲ. ಮಾಡಲೇಬೇಕೆಂಬ ಕಟ್ಟಳೆಯಿಲ್ಲ, ಹಾಗಾಗಿ ಹೇಗೆ ಮಾಡಬೇಕೆಂಬುದು ಬಹುಕಾಲ ಆಯಾ ಊರಿನ ಗುರುಗಳಿಗೇ ಬಿಟ್ಟದ್ದು. ಬಿಳಿ ಅಥವಾ ಗುಲಾಬಿ ಬಣ್ಣದ ನಿಲುವಂಗಿ, ಜೋಡಿ ಸಾಲಿನ ಮೆರವಣಿಗೆ, ಬಾಡಿಗೆಯ ಉದ್ದನೆಯ ಕಾರು ಇವನ್ನೆಲ್ಲ ಕಂಡು ‘ಇದು ವರನಿಲ್ಲದ ಮದುವೆ’ ಎಂದು ಮುನಿಸಿಕೊಂಡ ಗುರುಗಳೂ ಇದ್ದಾರೆ, ಹದಿಹರೆಯದ ಮಕ್ಕಳು ತಾವಾಗಿ ಚರ್ಚಿನ ಬಾಗಿಲಿಗೆ ಬರುವ ಅವಕಾಶ ಕಳೆದುಕೊಳ್ಳುವುದೇಕೆ ಎಂದವರೂ ಇದ್ದಾರೆ. ನನಗೆ ಎರಡನೆಯವರ ಮಾತು ಹೆಚ್ಚು ಸರಿ ಅನ್ನಿಸುತ್ತದೆ. ಕೊನೆಗೆ ಅಮೆರಿಕದ ಧರ್ಮಾಧ್ಯಕ್ಷರು ಸಿದ್ಧಪಡಿಸಿದ ವಿಧಿಗೆ 2007ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಪೂಜೆಯೊಳಗೂ ನಡೆಸಬಹುದು, ಪೂಜೆಯಿಲ್ಲದೆ ಬರೀ ಆಶೀರ್ವಾದವಾಗಿಯೂ ನಡೆಸಬಹುದು. ಅದರ ಸ್ಪ್ಯಾನಿಷ್ ಹೆಸರು ‘ಬೆಂದಿಸಿಯೋನ್ ಅಲ್ ಕುಂಪ್ಲಿರ್ ಕಿನ್ಸೆ ಆನ್ಯೋಸ್’, ಹದಿನೈದು ತುಂಬುವಾಗಿನ ಆಶೀರ್ವಾದ. ಇಂಗ್ಲಿಷ್ ಹೆಸರೂ ‘ಹದಿನೈದನೆಯ ಹುಟ್ಟುಹಬ್ಬದ ಆಶೀರ್ವಾದ ವಿಧಿ’ ಎಂದೇ. ಅಮೆರಿಕದ ಬೀದಿಬೀದಿಯ ಬಟ್ಟೆ ಅಂಗಡಿಗಳ ಫಲಕದಲ್ಲಿರುವ ಪದ ವಿಧಿಯ ಶೀರ್ಷಿಕೆಯಲ್ಲಿ ಇಲ್ಲ. ಹಬ್ಬ ಎಂಬ ಅರ್ಥ ಅಂಟಿಕೊಂಡ ಪದವನ್ನು ಧರ್ಮಸಭೆ ಹೊಸ್ತಿಲಾಚೆ ನಿಲ್ಲಿಸಿತು ಎಂದು ನಾನು ಓದಿಕೊಳ್ಳುತ್ತೇನೆ.

ಒಳಗೆ ನಡೆಯುವುದು ಕೃತಜ್ಞತೆಯ ಬಲಿಪೂಜೆ. ಹುಡುಗಿ ತಂದೆತಾಯಿ, ಪಾದ್ರಿನೊ-ಮಾದ್ರಿನಾಗಳ ಜೊತೆ ಮೆರವಣಿಗೆಯಲ್ಲಿ ಬಂದು ಪೀಠದ ಮುಂದೆ ಮೆತ್ತೆಯ ಮೇಲೆ ಮಂಡಿಯೂರುತ್ತಾಳೆ. ಪ್ರಬೋಧನೆ ಮುಗಿದ ಮೇಲೆ, ಹಸುಗೂಸಾಗಿದ್ದಾಗ ಬೇರೆಯವರು ತನ್ನ ಪರವಾಗಿ ಕೊಟ್ಟಿದ್ದ ಜ್ಞಾನಸ್ನಾನದ ವಾಗ್ದಾನಗಳನ್ನು ಈಗ ತನ್ನದೇ ದನಿಯಲ್ಲಿ ನವೀಕರಿಸುತ್ತಾಳೆ. ವಿಧಿಯ ತಿರುಳು ಇದೇ, ಮಿಕ್ಕದ್ದೆಲ್ಲ ಅಲಂಕಾರ. ಬೈಬಲ್, ಜಪಸರ, ಗ್ವಾದಲೂಪೆ ಮಾತೆಯ ಪದಕ, ಉಂಗುರ, ಕಿರೀಟಗಳನ್ನು ಗುರುಗಳು ಆಶೀರ್ವದಿಸುತ್ತಾರೆ. ಕೊನೆಗೆ ಅವಳು ಮರಿಯಮ್ಮನವರ ಪ್ರತಿಮೆಯ ಮುಂದೆ ಹೂಗುಚ್ಛವಿಟ್ಟು ಪ್ರಾರ್ಥಿಸುತ್ತಾಳೆ. ನಮ್ಮ ಓದುಗರಿಗೆ ‘ಮೈನೆರೆದ’ ಹುಡುಗಿಗೆ ಮಾಡುವ ಆರತಿ ನೆನಪಾದರೆ ಸಹಜ. ಆದರೆ ಆರತಿಗೆ ಮೈಯೇ ಮುಹೂರ್ತ ಇಡುತ್ತದೆ. ಕಿನ್ಸೆಯನ್ಯೇರಾಕ್ಕೆ ಕ್ಯಾಲೆಂಡರು ಇಡುತ್ತದೆ.

ಪಾದ್ರಿನೊ, ಮಾದ್ರಿನಾ ಎಂದರೆ ಜ್ಞಾನಸ್ನಾನದಲ್ಲಿ ಮಗುವಿನ ಪರ ನಿಂತವರು. ಈ ಸಮಾರಂಭದಲ್ಲಿ ಆ ಪದವೂ ಹಿಗ್ಗಿದೆ. ಪದಕ ಕೊಡಿಸುವವರು ಪದಕದ ಪಾದ್ರಿನೊ, ಕೇಕು ಕೊಡಿಸುವವಳು ಕೇಕಿನ ಮಾದ್ರಿನಾ, ಹೀಗೆ ಚಪ್ಪಲಿಯವರೆಗೂ ಒಬ್ಬೊಬ್ಬರು. ಖರ್ಚು ಹಂಚಿಹೋಗುತ್ತದೆ, ಹಂಚಿಕೊಂಡವರು ನೆಂಟರಾಗುತ್ತಾರೆ. ಪಾದ್ರಿನೊದ ಬೇರು ಲ್ಯಾಟಿನ್ನಿನ ‘ಪಾತೆರ್’, ತಂದೆ. ಅದೇ ಬೇರು ಪೋರ್ಚುಗೀಸರ ‘ಪಾದ್ರೆ’ಯಾಗಿ ಹಡಗಿನಲ್ಲಿ ಬಂದು ಕನ್ನಡದ ‘ಪಾದ್ರಿ’ಯಾಯಿತು. ಮಂಗಳೂರು ಕಡೆಯವರು ಇಗರ್ಜಿ ಎನ್ನುವುದೂ, ಮೆಕ್ಸಿಕೋದವರು ‘ಇಗ್ಲೇಸಿಯಾ’ ಎನ್ನುವುದೂ ಗ್ರೀಕಿನ ‘ಎಕ್ಲೇಸಿಯಾ’ದ ಎರಡು ಟಿಸಿಲುಗಳು. ಕರಾವಳಿಯ ಕೊಂಕಣಿ ಕ್ರೈಸ್ತರ ‘ಮೀಸ್’, ಮೆಕ್ಸಿಕೋದ ‘ಮೀಸಾ’ ಎರಡೂ ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಮಾತಿನಿಂದ ಹುಟ್ಟಿದವು. ಹಾಗಾಗಿ ಆಮಂತ್ರಣದ ಮೊದಲ ವಿಳಾಸದ ಮಟ್ಟಿಗೆ ಮಂಗಳೂರಿನ ಅಜ್ಜಿಗೆ ದುಭಾಷಿ ಅಷ್ಟಾಗಿ ಬೇಕಾಗಲಾರದು.

ಇಗರ್ಜಿಯಿಂದ ಹಾಲ್‌ಗೆ ಹೋದರೆ ಭಾಷೆಯೇ ಬದಲಾಗುತ್ತದೆ. ಹುಡುಗಿಯ ಗೆಳತಿಯರು ‘ದಾಮಾ’ಗಳು, ಜೊತೆಗಾರ ಹುಡುಗರು ‘ಚಾಂಬೆಲಾನ್’ಗಳು, ಎಲ್ಲ ಸೇರಿ ಅವಳ ‘ಕೋರ್ತೆ’, ಒಡ್ಡೋಲಗ; ಅವರ ಕುಣಿತ ‘ವಾಲ್ಸ್’. ಚಾಂಬೆಲಾನ್ ಅರಮನೆಯಲ್ಲಿ ಅರಸನ ಖಾಸಗಿ ಕೋಣೆಗಳನ್ನು ನೋಡಿಕೊಳ್ಳುವ ಅಧಿಕಾರಿಗಿದ್ದ ಫ್ರೆಂಚ್ ಹೆಸರು. ವಾಲ್ಸ್ ಜರ್ಮನ್ನಿನಲ್ಲಿ ಹುಟ್ಟಿ ಫ್ರೆಂಚಿನ ಮೂಲಕ ಬಂದದ್ದು. 1864ರಿಂದ 1867ರವರೆಗೆ ಮೆಕ್ಸಿಕೋದಲ್ಲಿ ಚಕ್ರವರ್ತಿಯಾಗಿದ್ದ ಮ್ಯಾಕ್ಸಿಮಿಲಿಯನ್ ಮತ್ತು ರಾಣಿ ಕಾರ್ಲೋತಾರ ಆಸ್ಥಾನದಿಂದ ಇವೆಲ್ಲ ಬಂದವೆಂದು ಜನ ಹೇಳುತ್ತಾರೆ. ಅಷ್ಟು ಖಚಿತವಾಗಿ ಒಬ್ಬರ ತಲೆಗೆ ಕಟ್ಟುವುದು ಕಷ್ಟ. ಪದಗಳು ಮಾತ್ರ ಯುರೋಪಿನ ಅರಮನೆಯವೇ.

ಇದಕ್ಕಿಂತ ಹೆಚ್ಚು ಕೇಳಿಬರುವ ಮಾತು ಆಚರಣೆಯ ಬೇರು ಅಸ್ಟೆಕ್ಕರದು ಎಂಬುದು. 16ನೆಯ ಶತಮಾನದಲ್ಲಿ ಬೆರ್ನಾರ್ದಿನೊ ದೆ ಸಹಗೂನ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿ ಬರೆಸಿದ ಹನ್ನೆರಡು ಪುಸ್ತಕಗಳ ಸಂಕಲನದಲ್ಲಿ ತಿಳಿವಳಿಕೆ ಬಂದ ಮಗಳಿಗೆ ತಂದೆತಾಯಿ ಹೇಳುವ ದೀರ್ಘ ಬುದ್ಧಿಮಾತುಗಳಿವೆ ನಿಜ. ಅಸ್ಟೆಕ್ಕರ ನಾವಾಟ್ಲ್ ಭಾಷೆಯಲ್ಲಿ ಹದಿನೈದಕ್ಕೆ ‘ಕಶ್ತೋಲ್ಲಿ’ ಎಂಬ ಸ್ವತಂತ್ರ ಪದವೂ ಇದೆ. ಹದಿನಾರು ಎನ್ನಲು ಹದಿನೈದಕ್ಕೆ ಒಂದು ಸೇರಿಸಬೇಕು. ಸ್ಪ್ಯಾನಿಷಿನಲ್ಲೂ ಸವೆದು ಒಂದಾದ ಸಂಖ್ಯಾಪದಗಳು ಹದಿನೈದಕ್ಕೇ ಮುಗಿದು, ಮುಂದೆ ಹತ್ತು-ಮತ್ತು-ಆರು ಎಂಬ ಬಿಡಿ ಲೆಕ್ಕ ಶುರುವಾಗುತ್ತದೆ. ಎರಡೂ ಭಾಷೆಗಳ ಎಣಿಕೆ ಒಂದೇ ಮೆಟ್ಟಿಲಲ್ಲಿ ನಿಂತದ್ದು ಸೊಗಸಾದ ಕಾಕತಾಳೀಯ. ಅದರ ಮೇಲೆ ಇತಿಹಾಸ ಕಟ್ಟುವ ಆಸೆಯನ್ನು ಅದುಮಿಟ್ಟುಕೊಳ್ಳಬೇಕು. ಏಕೆಂದರೆ ಇಡೀ ವಿಧಿಯ ಮುಖ್ಯ ಪದಗಳಲ್ಲಿ ಒಂದೂ ನಾವಾಟ್ಲಿನದಲ್ಲ. ಪದವಿಲ್ಲದ ಮಾತ್ರಕ್ಕೆ ಪದ್ಧತಿ ಇರಲಿಲ್ಲವೆಂದು ತೀರ್ಮಾನಿಸುವುದೂ ತಪ್ಪೇ, ಆದರೂ ಊಟದ ಮೇಜಿಗೆ ಹೋಗಿ ನೋಡಿ: ತಮಾಲ್, ಮೋಲೆ, ಪೊಸೋಲೆ, ಗ್ವಾಕಮೋಲೆ, ಎಲ್ಲವೂ ನಾವಾಟ್ಲ್. ನಮ್ಮ ಸಾರಿಗೆ ಬೀಳುವ ಟೊಮೆಟೊ ಕೂಡ. ಆ ಭಾಷೆ ಅಡುಗೆಮನೆಯಲ್ಲಿ ಅಷ್ಟು ಗಟ್ಟಿಯಾಗಿ ಉಳಿದು ಮೆರವಣಿಗೆಯಲ್ಲಿ ಪೂರ್ತಿ ಕಾಣೆಯಾಗಿರುವುದು ನನ್ನನ್ನು ಅಸ್ಟೆಕ್ ಕತೆಯ ವಿಷಯದಲ್ಲಿ ಹಿಂಜರಿಯುವಂತೆ ಮಾಡುತ್ತದೆ.

ಈಚೆಗೆ ಪದ ಮತ್ತೆ ಸವೆಯುತ್ತಿದೆ, ಹಿಗ್ಗುತ್ತಿದೆ. ಅಮೆರಿಕದ ಮಕ್ಕಳ ಬಾಯಲ್ಲಿ ಬರೀ ‘ಕಿನ್ಸೆ’ ಎಂದರೆ ಸಾಕು, ಅದು ಸಂಖ್ಯೆಯಲ್ಲ, ಹಬ್ಬ. ಕೆಲವು ಮನೆಗಳಲ್ಲಿ ಗಂಡುಮಕ್ಕಳಿಗೂ ಮಾಡುತ್ತಾರೆ, ಆಗ ‘ಕಿನ್ಸೆಯನ್ಯೇರೊ’. ಎಲ್ಲಕ್ಕಿಂತ ಕುತೂಹಲದ್ದು ‘ಸಿಂಕ್ವೆಂತಾನ್ಯೇರಾ’. ಸ್ಪ್ಯಾನಿಷಿನ ಲೆಕ್ಕದಲ್ಲಿ ಅದು ಐವತ್ತರ ಹೆಂಗಸಾಗಬೇಕಿತ್ತು; ಅಮೆರಿಕದಲ್ಲಿ ಅದು ಐವತ್ತರ ಹಬ್ಬ. ಹದಿನೈದಾದಾಗ ಬಡತನಕ್ಕೋ ವಲಸೆಗೋ ಸಿಕ್ಕಿ ಏನನ್ನೂ ಮಾಡಿಸಿಕೊಳ್ಳದಿದ್ದ ಹೆಂಗಸರು ನಿಲುವಂಗಿ, ಒಡ್ಡೋಲಗ, ವಾಲ್ಸ್ ಸಮೇತ ಅದನ್ನು ನಡೆಸಿಕೊಳ್ಳುತ್ತಾರೆ. ಕೆಲವರು ಪೂಜೆಗೂ ಕೇಳುತ್ತಾರೆ.  ಆಶೀರ್ವಾದಗಳ ಪುಸ್ತಕದಲ್ಲಿ ಎಲ್ಲ ವಯಸ್ಸಿನವರಿಗೂ ಆಗುವ ಹುಟ್ಟುಹಬ್ಬದ ಪ್ರಾರ್ಥನೆ ಇದೆ, ಗುರುಗಳು ಅದನ್ನೇ ತೆರೆದರಾಯಿತು.